ಭರಣಿ ಒಡೆದ ಇಲಿ

ಬೆಟಗೇರಿಯ ಆಸ್ಪತ್ರೆಯಲ್ಲಿ ಮೊದಲ ಸಲ ಬಿ.ಪಿ. ತೋರಿಸಲು ಅಂಜುತ್ತಲೇ ಕುಳಿತಿದ್ದ ನೇಕಾರರ ಭುವನೇಶ್ವರಿಯ ಪಕ್ಕದಲ್ಲಿ, ಡಾಕ್ಟರ ಕೋಣೆಯಿಂದ ಹೊರಬಂದ ಬುಡ್ಡೇಸಾಬ ಹೆಂಡತಿಯ ಮುಂದೆ ಹಿಗ್ಗುತ್ತಿದ್ದ.

"ಕೇಳಿದೇನ ಖೈರುನಬಿ? ಹೋದ ವರ್ಷ ಎದಿ ಹಿಡಕೊಂಡು ಬಿದ್ದಾಂವ ನಾನು. ಈಗ ಬಿ.ಪಿ. ಬರೋಬ್ಬರಿ ಐತಂತ!"

"ಬೀಡಿ ಬಿಟ್ರಿ, ದಿನಾ ಗುಳಿಗಿ ತಗೊಂಡ್ರಿ, ಅದಕ್ಕ."

"ಉಪ್ಪಿನಕಾಯಿನೂ ಬಿಟ್ಟೇನಿ, ಹೇಳು."

"ನೀವೆಲ್ಲಿ ಬಿಟ್ರಿ? ಭರಣಿ ನಾನs ತಂಗಿ ಮನಿಗೆ ಕೊಟ್ಟು ಬಂದೆ."

"ಇಲಿ ಕೆಡವಿ ಒಡೀತು ಅಂದಿದ್ದಿ!"

"ಆ ಇಲಿ ನಾನsರಿ."

ಬುಡ್ಡೇಸಾಬ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಡಿ, ನನ್ನ ಜೀವಾ ಉಳಿಸಿದ ಇಲಿಗೆ ಮಲ್ಲಿಗಿ ಕೊಡಸ್ತೀನಿ."

"ಆಟೋ ಕರೀಲೇನ್ರಿ?"

"ಬ್ಯಾಡ. ಡಾಕ್ಟರ್ ನಡೀರಿ ಅಂದಾರ."

ಇಬ್ಬರೂ ಗೇಟು ದಾಟಿ ನಡೆದರು. ಅವರನ್ನೇ ನೋಡುತ್ತ ನಗುತ್ತಿದ್ದ ಭುವನೇಶ್ವರಿಯ ಹೆಸರನ್ನು ನರ್ಸು ಎರಡು ಸಲ ಕೂಗಬೇಕಾಯಿತು.