ಹಿಡ್ಕೊ ಅಂದವಳು ಬಿಡು ಅನ್ನಲಿಲ್ಲ

ನಮ್ಮ ಪಕ್ಕದ ಮನೆ ಲಾರಿ ಡ್ರೈವರು ರಾಮಾಂಜಿನಪ್ಪನಿಗೆ ಆಗಿದ್ದು ಇದು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಎಂಬತ್ತಾರನೇ ಇಸವಿ. ಹೆಂಡತಿ ಆದಿಲಕ್ಷ್ಮಿ ಮಣ್ಣಾಗಿ ಹದಿನಾರು ದಿನ. ಅಷ್ಟರೊಳಗೇ ಡೆಂಕಣಿಕೋಟೆಗೆ ಹೋಗಿ ಇನ್ನೊಂದು ಹೆಣ್ಣು ನೋಡಿಕೊಂಡು, ಬಾಯ್ತುಂಬ ಎಲೆ ಅಡಿಕೆ ಹಾಕ್ಕೊಂಡು ಬರ್ತಿದ್ದ, ಮಾನಗೆಟ್ಟವನು! ರಾತ್ರಿ ಹನ್ನೊಂದು. ಒಬ್ಬನೇ.

ಊರ ಬಾವಿ ಬಂತು. ರಾಟೆ ಕಿರ್ರ್... ಅಂತು. ಹಗ್ಗವೂ ಇಲ್ಲ, ಗಾಳಿಯೂ ಇಲ್ಲ.

ಬಲಗಡೆ ಪಕ್ಕೆಲುಬಿನ ಕೆಳಗೆ ತಣ್ಣಗೆ ಏನೋ ತಾಕಿತು. ಲೋಳೆಸರದ ತಿರುಳು ಸವರಿದ ಹಾಗೆ...

"ಉಸಿರು ಎಳ್ಕೊ..."

ಎಳ್ಕೊಂಡ.

"ಹಿಡ್ಕೊ..."

ಆ ಮಾತು ಅವನು ಕೇಳಿದ್ದ. ಐದು ತಿಂಗಳು ಲಾರಿ ಮೇಲೆ ಸುತ್ತಿ ಮನೆಗೆ ಬಂದ ದಿನ ಆದಿಲಕ್ಷ್ಮಿ ಜ್ವರದಲ್ಲಿ ಬೇಯ್ತಿದ್ದಳು. ಪಕ್ಕದ ಅಕ್ಕಯಮ್ಮ ಬೆಂಗಳೂರಿಗೆ ಕರ್ಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದಳು.

"ನನ್ನ ಪಕ್ಕೆಗೆ ತಣ್ಣಗೆ ಏನೋ ಸವರಿ, ಉಸಿರು ಎಳ್ಕೊ, ಹಿಡ್ಕೊ, ಬಿಡು ಅಂದ್ರು ಕಣಯ್ಯಾ. ಈಲಿಯಾಗೆ, ಲಿವರ್ ಅಂತಾರಲ್ಲ ಅದ್ರಾಗೆ, ಕೀವು ಕಟ್ಟೈತಂತೆ. ಸೂಜಿ ಹಾಕಿ ತೆಗೀತಾರಂತೆ. ಸೋಮವಾರ ನಿನ್ನ ಕರ್ಕೊಂಡು ಬಾ ಅಂದವ್ರೆ."

ಇವನು ಆ ಸ್ಕ್ಯಾನಿಂಗ್ ಪಟ ನೋಡಿದ. ಬೂದಿ ಬಣ್ಣದ ನಡುವೆ ಕರ್ರಗೆ, ಗುಂಡಗೆ ಒಂದು ಗುಳಿ. ಕೆಳಗಿನ ಇಂಗ್ಲಿಷು ಇವನಿಗೆಲ್ಲಿ ಬರಬೇಕು? ಲಾರಿ ಮಾಲೀಕನ ಸೊಸೆ ಬಸುರಾದಾಗ ಅಂಥದೇ ಪಟ ನೋಡಿದ್ದನಲ್ಲ, ಅಷ್ಟೇ ಇವನ ವಿದ್ಯೆ!

"ಐದು ತಿಂಗಳು ನಾನಿಲ್ಲ. ಯಾವನ್ದೇ ಇದು?"

"ಬಸುರು ಪಕ್ಕೆಲುಬಿನ ಕೆಳಗಿರ್ತದೇನಯ್ಯಾ? ಯಾರ ಕೈಲಾದ್ರೂ ಓದಿಸು, ನಿನ್ನ ಕಾಲು ಹಿಡೀತೀನಿ..."

ಪಟ ಮುದುರಿ ಇದೇ ಬಾವಿಗೆ ಎಸೆದ. ಅವಳನ್ನ ಮನೆ ಒಳಗೆ ತಳ್ಳಿ ಬೀಗ ಹಾಕಿದ. ಸೋಮವಾರ ಹೋಯ್ತು. ಗುರುವಾರ ಅವಳೂ ಹೋದಳು. ಅಕ್ಕಯಮ್ಮ ಬೀದಿಯಲ್ಲಿ ನಿಂತು ಮಣ್ಣು ತೂರಿ ಬೈದಳು. ಊರಿನ ಮೀಸೆಗಳು ಒಂದಾದರೂ ಬಾಯಿ ಬಿಟ್ಟವಾ? ಥೂ!

ಈಗ ಬಾವಿ ಹತ್ತಿರ ಅವನ ಎದೆ ಬಿರಿಯೋ ಹಾಗಾಯ್ತು. 'ಬಿಡು' ಅನ್ನೋ ಮಾತು ಬರಲೇ ಇಲ್ಲ... ಬಾವಿಯೊಳಗೆ ಟಪ್... ಟಪ್... ತಪ್ಪಾಯ್ತು ಅನ್ನೋಣ ಅಂದರೆ ಬಾಯಿಗೆ ಉಸಿರು ಬೇಕಲ್ಲ!

ಕಿವಿಯ ಹತ್ತಿರವೇ, ಮೆತ್ತಗೆ...

"ಓದಿಸ್ದಾ?"

ಬೆಳಿಗ್ಗೆ ಹಾಲಿನ ವೆಂಕಟೇಶಪ್ಪ ನೋಡಿದಾಗ ಕಟ್ಟೆ ಪಕ್ಕ ಬಿದ್ದಿದ್ದ. ಸತ್ತಿರಲಿಲ್ಲ, ಅಂಥವರು ಬೇಗ ಸಾಯಲ್ಲ. ಮುಷ್ಟಿ ಬಿಡಿಸೋಕೆ ಇಬ್ಬರು ಬೇಕಾದರು.

ಒಳಗೆ ಆ ಪಟ ಇತ್ತು. ಮೂರು ವಾರ ಬಾವಿ ನೀರಲ್ಲಿದ್ದದ್ದು, ಒಣಗಿದ ಹಪ್ಪಳದ ಹಾಗೆ ಗರಿಗರಿ ಅಂತಿತ್ತು. ಕೇಳಿದ್ದಲ್ಲ, ನಾನೇ ಮುಟ್ಟಿ ನೋಡಿದ್ದು.