ನಿಲ್ಲದ ಎಂಜಿನ್ ಕುರಿತು ಅಮರಮ್ಮ ಕೊಟ್ಟ ಹೇಳಿಕೆ

ನನ್ನ ಹೆಸರು ಅಮರಮ್ಮ, ಗಂಡ ದಿವಂಗತ ಕನಕರಾಯ, ವಯಸ್ಸು 29 ವರ್ಷ, ಉದ್ಯೋಗ ಕೂಲಿ ಕೆಲಸ, ಸಾಕಿನ್ ಜವಳಗೇರಾ, ತಾಲೂಕು ಸಿಂಧನೂರು. ಠಾಣೆಗೆ ಹಾಜರಾಗಿ, ವಿಚಾರಿಸಿದ್ದಕ್ಕೆ ಹೇಳುವುದೇನೆಂದರೆ:

ನನ್ನ ಗಂಡ ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಲಾರಿ ಟರ್ಬೊ ಎಂಜಿನ್ನಿನದು, ಹೊಸದು. ದಿನಾಂಕ 12-12-1997ರಂದು ಬೆಳಿಗ್ಗೆ 9 ಗಂಟೆಗೆ ಅಕ್ಕಿ ಚೀಲ ಹೇರಿಕೊಂಡು ಇಳಕಲ್ಲಿಗೆ ಹೊರಟರು. ನನ್ನ ತವರು ಲಿಂಗಸುಗೂರು ಆದ್ದರಿಂದ ನಾನೂ ಮುಂದೆ ಕುಳಿತಿದ್ದೆ. ಲಾರಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಮಸ್ಕಿ ದಾಟಿ ಏರು ಹತ್ತುವಾಗ ಎಂಜಿನ್ನಿನಿಂದ ಸಿಳ್ಳೆಯಂಥ ಸಪ್ಪಳ ಬಂತು. ಏನೆಂದು ಕೇಳಿದೆ. "ಅದು ಟರ್ಬೊ. ಖಾಲಿ ಗಾಡ್ಯಾಗ ಸುಮ್ಮಕ ಇರತೈತಿ. ಲೋಡ್ ಬಿದ್ದು ಡೀಸೆಲ್ ಹೆಚ್ಚಿಗಿ ಹೋತಂದ್ರ, ಸುಡೋ ಹೊಗಿ ಅದರ ಚಕ್ರ ತಿರಗಸ್ತೈತಿ, ಅದು ಎಂಜಿನ್ನಿಗೆ ಗಾಳಿ ತುರುಕತೈತಿ. ಥೇಟ್ ನಿನ್ನಂಗ, ಕೆಲಸ ಹಚ್ಚಿದ್ರನ ಸಪ್ಪಳ" ಎಂದರು. ಹಚ್ಚೋರು ಯಾರ್ರೀ ಎಂದು ಕೇಳಿದೆ. ನಕ್ಕರು.

ಹಿಂದೆ ಕಪ್ಪು ಹೊಗೆ ಏಳುತ್ತಿತ್ತು. ಹೆಚ್ಚು ಚೀಲ ಎಳೆಯಲೆಂದು ಗಿರಣಿಯ ಮ್ಯಾನೇಜರ್ ಕರಿಬಸಪ್ಪ ಅವರು ಎಂಜಿನ್ನಿಗೆ ಡೀಸೆಲ್ ಬಿಡುವ ಪಂಪಿನ ಸೀಲ್ ಒಡೆಸಿ ಡೀಸೆಲ್ ಹೆಚ್ಚು ಮಾಡಿಸಿದ್ದಾರೆ, ಹೀಗಾದರೆ ಟರ್ಬೊ ಕೆಂಪಗೆ ಕಾಯುತ್ತದೆ ಎಂದು ತಾನು ಹೇಳಿದರೂ ಅವರು ಕೇಳಲಿಲ್ಲ ಎಂದು ನನ್ನ ಗಂಡ ತಿಳಿಸಿದರು.

ಏರಿನ ತುದಿಗೆ ಹನುಮಪ್ಪನ ಕಟ್ಟೆ ಇದೆ. ಲೋಡ್ ಗಾಡಿಯವರು ಅಲ್ಲಿ ಎಂಜಿನ್ ಬಂದ್ ಮಾಡಿ, ಕಾಯಿ ಒಡೆದು ಮುಂದೆ ಹೋಗುವುದು ವಾಡಿಕೆ. ನನ್ನ ಗಂಡನೂ ನಿಲ್ಲಿಸಿದ ಕೂಡಲೇ ಬಂದ್ ಮಾಡಿದರು. "ಏರು ಹತ್ತಿದ ಮ್ಯಾಲ ಮೂರು ಮಿನಿಟ್ ಎಂಜಿನ್ ಬಂದ್ ಮಾಡಬ್ಯಾಡ ಅಂತ ಕಂಪನಿಯವರು ಹೇಳ್ಯಾರ. ಅವರಿಗೆ ನಮ್ಮ ಹನುಮಪ್ಪನ ಪರಿಚಯ ಇಲ್ಲ. ದೇವರ ಮುಂದ ಗಾಡಿ ಗುರುಗುಡಬಾರದು" ಎಂದರು. ಕಾಯಿ ಒಡೆದು ಒಂದು ಹೋಳು ನನಗೆ ಕೊಟ್ಟರು.

ಅಲ್ಲಿಂದ ಸುಮಾರು ಎರಡು ಕಿ.ಮೀ. ಹೋದಾಗ ನೀಲಿ ಹೊಗೆ ಬಂದು ಎಂಜಿನ್ ತಾನಾಗಿ ಜೋರಾಯಿತು. ಗೇರ್ ತೆಗೆದು, ಬ್ರೇಕ್ ಹಿಡಿದು, ಲಾರಿಯನ್ನು ರಸ್ತೆಯ ಎಡಕ್ಕೆ ನಿಲ್ಲಿಸಿದರು. ಡೀಸೆಲ್ ಬಂದ್ ಮಾಡುವ ವೈರ್ ಎಳೆದರು. ಎಂಜಿನ್ ನಿಲ್ಲಲಿಲ್ಲ. "ತನ್ನ ಆಯಿಲ್ ತಾನ ಕುಡಿಯಾಕತ್ತೈತಿ. ನೀ ಇಳಿ, ದೂರ ಹೋಗು" ಎಂದರು. ನಾನು ಇಳಿದು ಐವತ್ತು ಅಡಿ ದೂರದ ಜಾಲಿ ಗಿಡದ ಹತ್ತಿರ ನಿಂತೆ.

ನೀವೂ ಬರ್ರಿ, ಹಾಳಾಗಿ ಹೋಗಲಿ ಗಾಡಿ ಎಂದು ಕೂಗಿದೆ. "ಮಂದಿ ಗಾಡಿ ಐತಿ. ಗಾಳಿ ಪೈಪಿನ ಬಾಯಿ ಮುಚ್ಚಿದ್ರ ನಿಲ್ಲತೈತಿ" ಎಂದು ಹೇಳಿ, ಕ್ಯಾನಿನ ನೀರನ್ನು ಕಂಬಳಿಗೆ ಸುರಿದು ಎಂಜಿನ್ ಹತ್ತಿರ ಹೋದರು. ಕಂಬಳಿ ತುರುಕುವಾಗ ಎಂಜಿನ್ ಒಡೆಯಿತು. ಕಬ್ಬಿಣದ ತುಂಡು ಅವರ ಎದೆಗೆ ಬಡಿಯಿತು.

ದಾರಿಯಲ್ಲಿ ಬಂದ ಜೀಪಿನವರು ನಮ್ಮನ್ನು ಹತ್ತಿಸಿಕೊಂಡರು. ಜೀಪಿನಲ್ಲಿ ನನ್ನ ಗಂಡ ನೀರು ಕೇಳಿದರು. ನೀರು ಕಂಬಳಿಗೆ ಹೋಗಿತ್ತು. ನನ್ನ ಕೈಯಲ್ಲಿ ಕಾಯಿಯ ಹೋಳು ಮಾತ್ರ ಇತ್ತು. ಲಿಂಗಸುಗೂರು ಮುಟ್ಟುವುದರೊಳಗೆ ತೀರಿಕೊಂಡರು.

ಕಾದ ಟರ್ಬೊ ಒಮ್ಮೆಲೇ ನಿಲ್ಲಿಸಿದರೆ ಅದಕ್ಕೆ ಆಯಿಲ್ ಹೋಗದೆ ಒಳಗೆ ಸುಡುತ್ತದೆ, ಆಮೇಲೆ ಆಯಿಲ್ ಸೋರಿ ಎಂಜಿನ್ನಿಗೇ ಹೋಗಿ ಡೀಸೆಲ್ ಬದಲು ಅದೇ ಉರಿಯುತ್ತದೆ ಎಂದು ಲಾರಿ ನೋಡಿದ ಮೇಸ್ತ್ರಿ ಬುಡ್ಡೇಸಾಬ್ ತಿಳಿಸಿದರು. ನನ್ನ ಗಂಡ ಬೇಕೆಂದೇ ಎಕ್ಸಲೇಟರ್ ಒತ್ತಿ ಎಂಜಿನ್ ಒಡೆದಿದ್ದಾರೆ ಎಂದು ಕರಿಬಸಪ್ಪ ಅವರು ದೂರು ಕೊಟ್ಟಿರುವುದು ಈ ದಿನ ಗೊತ್ತಾಯಿತು. ದೇವರ ಮುಂದೆ ಬಂದ್ ಮಾಡಿದ್ದು ತಪ್ಪಾದರೆ ತಪ್ಪೆಂದೇ ಬರೆದುಕೊಳ್ಳಿರಿ. ಎಕ್ಸಲೇಟರ್ ಒತ್ತಿದರೆಂದು ಬರೆಯಬಾರದು. ಎಂಜಿನ್ ಕೂಗಿ ಒಡೆಯುವಾಗ ಅವರು ನೆಲದ ಮೇಲೆ ನಿಂತಿದ್ದರು. ಸೀಟಿನಲ್ಲಿ ಯಾರೂ ಇರಲಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದೇ ಇದೆ, ನಿಜ ಇರುತ್ತದೆ.

ಸ್ಥಳ: ಲಿಂಗಸುಗೂರು
ದಿನಾಂಕ: 13-12-1997
ಅಮರಮ್ಮ ಇವರ ಎಡಗೈ ಹೆಬ್ಬೆಟ್ಟಿನ ಗುರುತು