ಶಿಫಾ ಹೋದ ಮೇಲೆ ಫರ್ಹಾಳ ಎಕೋ

ಮೊದಲು ಕ್ಷಮೆ ಕೇಳುತ್ತೇನೆ — ಇದನ್ನು ಬರೆದುಕೊಂಡು ಬಂದು ಓದುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಅರ್ಧ ಇಂಗ್ಲಿಷ್ ಬರುತ್ತದೆ, ಉಳಿದರ್ಧ ಅಳು. ಗುರುಗಳಿಗೆ, ಸ್ನೇಹಿತರಿಗೆ, ತುರುವೇಕೆರೆಯಿಂದ ಬಂದಿರುವ ಶಿಫಾಳ ಅಪ್ಪ ಪೀರ್ ಸಾಬ್, ಅಮ್ಮ ಹಸೀನಾ ಬೇಗಂ, ತಂಗಿ ಫರ್ಹಾ — ಎಲ್ಲರಿಗೂ ನಮಸ್ಕಾರ. ನಾನು ಚೈತ್ರ. ಇಮೇಜಿಂಗ್ ಟೆಕ್ನಾಲಜಿ, ಫಸ್ಟ್ ಇಯರ್. ಹಾಸ್ಟೆಲ್‌ನಲ್ಲಿ ಶಿಫಾಳ ರೂಮ್‌ಮೇಟ್.

ಶಿಫಾ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಕಿಟಕಿಯಾಚೆ ಏನೋ ನೋಡುವವಳಂತೆ ನಟಿಸುತ್ತಿದ್ದಳು. ತುಟಿ ನೀಲಿಯಾಗಿರುತ್ತಿತ್ತು. "ಏನೇ, ಒಬ್ಳೇ ನೇರಳೆಹಣ್ಣು ತಿಂದ್ಬುಟ್ಯಾ?" ಅನ್ನುತ್ತಿದ್ದೆವು. "ಹೂಂ ಕಣೇ, ಬೀಜ ಬೇಕಾ?" ಅನ್ನುತ್ತಿದ್ದಳು.

ನಮ್ಮ ಲ್ಯಾಬ್‌ನಲ್ಲಿ ಒಂದು ಪದ್ಧತಿ ಇದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಕಲಿಯುವಾಗ ಪರದೆಯ ಹಿಂದೆ ಹುಡುಗಿಯರು ಒಬ್ಬರ ಎದೆಯ ಮೇಲೊಬ್ಬರು ಪ್ರೋಬ್ ಇಟ್ಟು ನೋಡಬೇಕು. ಶ್ವಾಸಕೋಶದಿಂದ ಬರುವ ನಾಲ್ಕು ರಕ್ತನಾಳಗಳು ಹೃದಯದ ಎಡ ಮೇಲ್ಕೋಣೆಗೆ ಸೇರುವುದನ್ನು ಜೋರಾಗಿ ಎಣಿಸಬೇಕು. ಎಣಿಸದೆ ಕೈ ತೆಗೆಯುವಂತಿಲ್ಲ.

ಶಿಫಾಳ ಮೇಲೆ ಪ್ರೋಬ್ ಇಟ್ಟವಳು ನಾನು. ಒಂದೂ ಸಿಗಲಿಲ್ಲ. ನನಗೇ ಬರುವುದಿಲ್ಲ ಅಂದುಕೊಂಡೆ. ಅವಳು ಮಲಗಿದ್ದಲ್ಲೇ ನಕ್ಕಳು — "ಲೇ, ಹೃದಯ ಐತಾ ಇಲ್ವಾ, ಅದ್ನಾದ್ರೂ ಹೇಳೇ." ಲ್ಯಾಬ್ ಕಲಿಸುವ ಶಿವರುದ್ರಮ್ಮ ಮೇಡಂ ಪ್ರೋಬ್ ತೆಗೆದುಕೊಂಡರು. ಕತ್ತಿನ ಗುಳಿಯಲ್ಲಿ ಇಟ್ಟರು, ಹೊಟ್ಟೆಯ ಮೇಲೆ ಇಟ್ಟರು — ಅವರೂ ಎಣಿಸಲಿಲ್ಲ.

ಸಿ.ಟಿ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಯಿತು. ಹುಟ್ಟಿನಿಂದಲೇ ಅವಳ ನಾಲ್ಕೂ ನಾಳಗಳು ಎಡಕ್ಕೆ ಬಾರದೆ, ಮೇಲಕ್ಕೆ ಸುತ್ತಿ, ಬಲಗಡೆಗೇ ಸೇರಿದ್ದವು. ಎರಡು ಕೋಣೆಗಳ ನಡುವೆ ಒಂದು ತೂತು ಇತ್ತು. ಆ ತೂತಿನಿಂದ ದಾಟಿದ ರಕ್ತದಲ್ಲೇ ಅವಳು ಇಷ್ಟು ವರ್ಷ ಓದಿದ್ದು, ನಕ್ಕಿದ್ದು. ಆಪರೇಷನ್ನಿಗೆ ದಿನ ಕೊಟ್ಟಿದ್ದರು — ಅಷ್ಟರಲ್ಲಿ ನ್ಯುಮೋನಿಯಾ ಬಂತು, ಅವಳು ಹೋಗಿಬಿಟ್ಟಳು.

ಪೀರ್ ಸಾಬ್ ಅಂಕಲ್ ಕಾಯಿ ಸುಲಿಯುವ ಮಿಷನ್ ರಿಪೇರಿ ಮಾಡುತ್ತಾರೆ. "ನಾರಿನ ಧೂಳು ಬೇಟಾ, ನಮ್ ಕಡೆ ಯಾರಿಗ್ ಉಬ್ಸ ಇಲ್ಲ ಹೇಳು?" ಎಂದು ಅವರು ಮೊದಲಿಂದಲೂ ಹೇಳುತ್ತಿದ್ದರು. ಮಾಯಸಂದ್ರದಲ್ಲಿ ನಮ್ಮ ಮನೆಯಲ್ಲೂ ಅದೇ ಮಾತು. ನಮ್ಮ ಕಡೆ ಯಾರಿಗೆ ಏದುಸಿರು ಬಂದರೂ ಬೈಸಿಕೊಳ್ಳುವುದು ಧೂಳೇ.

ಇಲ್ಲಿಂದ ಮುಂದಿನದು ಈಗಷ್ಟೇ ಹಿಂದಿನ ಬೆಂಚಿನಲ್ಲಿ ಕೂತು ಗೀಚಿದ್ದು. ಅಕ್ಷರ ನನಗೇ ಸರಿಯಾಗಿ ಕಾಣುತ್ತಿಲ್ಲ.

ಈ ಸಭೆಗೆ ಬರುವಾಗ ಫರ್ಹಾ ಮೆಟ್ಟಿಲ ಮಧ್ಯೆ ನಿಂತಳು. ಗೋಡೆ ಹಿಡಿದುಕೊಂಡಳು. ಹಸೀನಾ ಆಂಟಿ "ಧೂಳು ಕಣಮ್ಮ" ಅಂದರು. ಆಂಟಿ — ಇದು ಕಾಲೇಜು. ಇಲ್ಲಿ ಯಾರೂ ಕಾಯಿ ಸುಲಿಯುವುದಿಲ್ಲ.

ಫರ್ಹಾಳಿಗೆ ಒಂದು ಎಕೋ ಮಾಡಿಸೋಣ ಎಂದು ಅಂಕಲ್‌ರನ್ನು ಕೇಳಿದೆ. "ನೋಡ್ದೇ ಇದ್ದಿದ್ರೆ ಅವ್ಳು ಇನ್ನೊಂದಷ್ಟ್ ದಿನ ಇರ್ತಿದ್ಲು. ಆ ಮಿಷನ್ ತಾವ್ಕೆ ಇವ್ಳ್ನೂ ಕಳ್ಸ್ಲಾ? ಬುಡು" ಅಂದರು. ಕಣ್ಣು ಒರೆಸಿಕೊಂಡರು.

ಎರಡು ಒಳ್ಳೆಯ ಮಾತು ಹೇಳು ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಇದನ್ನು ಓದಿದರೆ ದುಃಖದ ಮನೆಗೆ ಇನ್ನೊಂದು ಭಯ ಹೊರಿಸಿದ ಹಾಗೆ. ಓದದಿದ್ದರೆ — ನಾನು ಯಾವ ಬಾಗಿಲಿಂದ ಹೊರಗೆ ಹೋಗಲಿ? ಫರ್ಹಾ ಮೊದಲ ಸಾಲಿನಲ್ಲೇ ಕೂತಿದ್ದಾಳೆ. ಎಲ್ಲರೆದುರು ನಿನ್ನ ಹೆಸರು ಎತ್ತಿದ್ದಕ್ಕೆ ಸಾರಿ ಫರ್ಹಾ.

ಒಡಹುಟ್ಟಿದವರಲ್ಲಿ ಇಬ್ಬರಿಗೂ ಇದು ಇರುವುದು ಬಹಳ ಅಪರೂಪ ಎಂದು ಮೇಡಂ ಹೇಳಿದರು. ಇಲ್ಲದಿರಬಹುದು. ಇಲ್ಲದಿರಲಿ. ಅಂಕಲ್, ಎಕೋ ಅಂದರೆ ಬರೀ ಶಬ್ದ, ತಣ್ಣನೆಯ ಜೆಲ್. ಅದು ಶಿಫಾಳಿಗೆ ಏನೂ ಮಾಡಲಿಲ್ಲ — ತಡವಾಗಿ ನೋಡಿತು, ಅಷ್ಟೇ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಶಿಫಾಳಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಫರ್ಹಾ, ನೀನು ಕೂತೇ ಇರು.

ಮೇಡಂ ಸಂಜೆಯವರೆಗೂ ಲ್ಯಾಬ್‌ನಲ್ಲಿರುತ್ತಾರೆ. ಅಂಕಲ್, ಬಸ್ ಹತ್ತುವ ಮೊದಲು ಹೂಂ ಅಥವಾ ಇಲ್ಲ ಅಂತ ನನಗೆ ಹೇಳಿ. ದಯವಿಟ್ಟು ಬೇಗ ಹೇಳಿ.